ಗಡ್ಡಪ್ಪನ ವೈರಾಗ್ಯ, ನಮ್ಮಪ್ಪಂದಿರ ಪಹಣಿ



ಉದ್ದದ ಪೋಸ್ಟ್ ಇದು. ಬಿಡುವಾದಾಗ ಓದಿ, ಆದರೆ ಪೂರ್ತಿ ಓದಿ.

'ತಿಥಿ' ಸಿನಿಮಾ ಬಂದು ಇಷ್ಟು ವರ್ಷ ಆದರೂ ಗಡ್ಡಪ್ಪನ ತುಣುಕುಗಳು ಫೋನಿಂದ ಫೋನಿಗೆ ಓಡಾಡ್ತಾನೇ ಇವೆ. ಬಿಳಿ ಗಡ್ಡ, ಟೈಗರ್ ಬ್ರಾಂದಿ, ಹೊಲದ ಬದುವಿನ ಮೇಲೆ ತನ್ನ ಪಾಡಿಗೆ ತಾನು ನಡ್ಕೊಂಡು ಹೋಗೋ ಮುದುಕ. ಕೆಳಗೆ ಯಾರಾದ್ರೂ ಬರೆದಿರ್ತಾರೆ: ಅವಧೂತ, ನಿಜವಾದ ಸನ್ಯಾಸಿ, ಬದುಕಿದರೆ ಹಿಂಗೆ ಬದುಕಬೇಕು ಅಂತ. ನಮ್ಮ ಹುಡುಗರೂ ಲೈಕ್ ಒತ್ತಿರ್ತಾರೆ. ಒತ್ತಲಿ, ನನಗೂ ಗಡ್ಡಪ್ಪ ಅಂದ್ರೆ ಇಷ್ಟಾನೇ. ಆದರೆ ಈ 'ಅವಧೂತ' ಅನ್ನೋ ಪದದ ಮೇಲೆ ನಂದೊಂದು ತಕರಾರಿದೆ. ಅದನ್ನ ಬಿಡಿಸಿ ಹೇಳೋಕೇ ಈ ಪೋಸ್ಟ್.

ಮೊದಲೇ ಹೇಳಿಬಿಡ್ತೀನಿ, ಕನ್ನಡದಲ್ಲಿ ಬಂದ ಒಳ್ಳೇ ಸಿನಿಮಾಗಳಲ್ಲಿ 'ತಿಥಿ' ಒಂದು. ನಿರ್ದೇಶನ ರಾಮ್ ರೆಡ್ಡಿ, ಅವರ ಜೊತೆ ಕೂತು ಬರೆದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆ ಕ್ಯಾಮೆರಾ ಮುಂದೆ ನಿಂತಿರದ ಆ ಕಡೆಯ ಜನರನ್ನೇ ಹಾಕ್ಕೊಂಡು ಮಾಡಿದ ಸಿನಿಮಾ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಗೊಂಡ್ತು. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. 2016ರ ಮೇ ತಿಂಗಳಲ್ಲಿ ನಮ್ಮ ಥಿಯೇಟರುಗಳಿಗೆ ಬಂದಾಗ ಜನ ಬಿದ್ದು ಬಿದ್ದು ನಕ್ಕರು. ಬಣ್ಣ ಹಚ್ಚದ ಮುಖಗಳು, ತಿದ್ದದ ಮಂಡ್ಯದ ಮಾತು. ಆ ನಗು ಸುಳ್ಳಲ್ಲ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತು ಹೋಗ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ. ಅವನ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ. ಗಡ್ಡಪ್ಪನಿಗೆ ಅಪ್ಪ ಸತ್ತ ಸುದ್ದಿಯೂ ಒಂದೇ, ಮಳೆ ಬರುತ್ತೆ ಅನ್ನೋ ಸುದ್ದಿಯೂ ಒಂದೇ. ತಮ್ಮಣ್ಣನಿಗೆ ತಾತನ ಹೆಸರಿನಲ್ಲಿರೋ ಐದು ಎಕರೆ ಜಮೀನು ಮಾರಬೇಕು. ಅದಕ್ಕೆ ಮೊದಲು ಅದು ಅಪ್ಪನ ಹೆಸರಿಗೆ ಬರಬೇಕು. ಅಪ್ಪ ಮಾತ್ರ ಆಫೀಸಿಗೂ ಬರಲ್ಲ, ಕಾಗದಕ್ಕೂ ಕೈ ಹಾಕಲ್ಲ, ಬೇಡ ಅಂತ ಜಗಳಾನೂ ಆಡಲ್ಲ. ಕೊನೆಗೆ ತಮ್ಮಣ್ಣ ಅಪ್ಪನ ಕೈಗೆ ದುಡ್ಡು ಕೊಟ್ಟು ದೇಶ ಸುತ್ತೋಕೆ ಅಂತ ಕಳಿಸ್ತಾನೆ. ಇತ್ತ ಲಂಚ ಕೊಟ್ಟು, ಬದುಕಿರೋ ಅಪ್ಪ ಸತ್ತಿದ್ದಾನೆ ಅಂತ ಮರಣ ಪತ್ರ ಮಾಡಿಸೋಕೆ ಹೊರಡ್ತಾನೆ. ಗಡ್ಡಪ್ಪ ದೇಶ ಸುತ್ತೋಕೆ ಹೋಗಲ್ಲ, ಕುರಿಗಾಹಿಗಳ ಬಿಡಾರ ಸೇರ್ಕೊಂಡು ಬಿಡ್ತಾನೆ. ಅಭಿ ಅದೇ ಬಿಡಾರದ ಹುಡುಗಿ ಕಾವೇರಿ ಹಿಂದೆ ಬಿದ್ದಿರ್ತಾನೆ.

ನಾನು ಹಗಲೆಲ್ಲ ಫೈಲು ಕಟ್ಟೋ ಗುಮಾಸ್ತ. ಹಾಗಾಗಿ ಈ ಸಿನಿಮಾ ನೋಡುವಾಗ ನನ್ನ ಕಣ್ಣು ಗಡ್ಡಪ್ಪನ ಗಡ್ಡಕ್ಕಿಂತ ಜಾಸ್ತಿ ತಮ್ಮಣ್ಣನ ಕೈಲಿರೋ ಕಾಗದದ ಮೇಲೇ ಇತ್ತು. ಇಡೀ ಸಿನಿಮಾದ ಹಾಸ್ಯ ನಿಂತಿರೋದು ಆ ಕಾಗದದ ಮೇಲೆ. ಪಹಣಿಯಲ್ಲಿ ಹೆಸರಿದ್ದವನು ಸತ್ತರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು. ಅದಕ್ಕೆ ಮರಣ ಪ್ರಮಾಣ ಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ನಡುವಿನ ಒಂದು ಕೊಂಬೆ ಬಾಗದಿದ್ದರೆ ಕೆಳಗಿನ ಕೊಂಬೆಗೆ ನೀರಿಳಿಯಲ್ಲ. ಗಡ್ಡಪ್ಪ ಆ ಬಾಗದ ಕೊಂಬೆ. ಅವನು ಏನೂ ಮಾಡದೆ ಸುಮ್ಮನೆ ಬದುಕಿರೋದೇ ಮಗನಿಗೆ ತೊಂದರೆ. ಎಂಥಾ ತಮಾಷೆ ನೋಡಿ!

ಆದರೆ ಗೆಳೆಯರೇ, ಆ ತಮಾಷೆ ನಡೀಬೇಕಾದ್ರೆ ಮೊದಲು ಐದು ಎಕರೆ ಇರಬೇಕು ತಾನೆ?

ಇದೇ ನನ್ನ ತಕರಾರು. ಗಡ್ಡಪ್ಪ ಜಮೀನನ್ನ ಕಾಲಲ್ಲಿ ಒದ್ದು ಹೋಗ್ತಾನೆ. ಒದ್ದರೂ ಅದು ಎಲ್ಲಿಗೂ ಹೋಗಲ್ಲ, ಅಲ್ಲೇ ಬಿದ್ದಿರುತ್ತೆ. ಕಾಯೋಕೆ ಮಗ ಇದ್ದಾನೆ, ಗುರುತಿಸೋಕೆ ಊರಿದೆ, ಹೆಸರಿಗೆ ಗೌಡ ಅನ್ನೋ ಬಾಲವಿದೆ. ಅವನು ಎಲ್ಲಿ ಬಿದ್ದುಕೊಂಡರೂ 'ಸೆಂಚುರಿ ಗೌಡರ ಮಗ'. ಎಷ್ಟು ಕುಡಿದರೂ ಊರು ಅವನನ್ನ ಎತ್ತಿ ಕೂರಿಸುತ್ತೆ. ವೈರಾಗ್ಯ ಅಂತ ನಾವು ಕರೆಯೋ ವಸ್ತು ಇದೆಯಲ್ಲ, ಅದಕ್ಕೂ ಒಂದು ಸರ್ವೆ ನಂಬರ್ ಇರುತ್ತೆ. ಬಿಡೋಕೆ ಏನಾದರೂ ಇದ್ದವನು ಬಿಟ್ಟರೆ ತ್ಯಾಗಿ ಅಂತಾರೆ. ಏನೂ ಇಲ್ಲದವನು ಅದೇ ಬದುವಿನ ಮೇಲೆ ಅದೇ ಬಾಟಲಿ ಹಿಡ್ಕೊಂಡು ನಡೆದರೆ? ಕುಡುಕ ಅಂತಾರೆ. 'ಇವರಿಗೆ ಏನ್ ಕೊಟ್ಟರೂ ಇಷ್ಟೇ ಕಣಪ್ಪಾ' ಅನ್ನೋ ಮಾತು ಕೇಳದವರು ನಮ್ಮಲ್ಲಿ ಯಾರಿದ್ದೀರಿ?

ಇದೇ ಕನ್ನಡದಲ್ಲಿ ಇನ್ನೊಬ್ಬ ಅಪ್ಪ ಇದ್ದಾನೆ. ಅವನೂ ಕುಡೀತಾನೆ, ಅವನಿಗೂ ಮಕ್ಕಳ ಜೊತೆ ಸರಿ ಹೋಗಲ್ಲ. ಅವನ ಹೆಸರು ಚೋಮ. ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'. ಅದನ್ನ ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಆ ವರ್ಷದ ದೇಶದ ಅತ್ಯುತ್ತಮ ಚಿತ್ರ ಅದು. ಚೋಮನ ಪಾತ್ರ ಮಾಡಿದ ವಾಸುದೇವರಾಯರಿಗೂ ರಾಷ್ಟ್ರಪ್ರಶಸ್ತಿ ಬಂತು. ಚೋಮನಿಗೆ ಇದ್ದದ್ದು ಒಂದೇ ಆಸೆ: ಒಂದು ತುಂಡು ಭೂಮಿ ತಗೊಂಡು ತಾನೂ ಬೇಸಾಯ ಮಾಡಬೇಕು. ಎತ್ತು ಸಾಕಿದ್ದಾನೆ, ಉಳೋಕೆ ಭೂಮಿ ಇಲ್ಲ. ಹೊಲೆಯನಿಗೆ ಒಕ್ಕಲುತನ ಕೂಡದು ಅನ್ನೋದು ಊರಿನ ಕಟ್ಟಳೆ. ಮಕ್ಕಳು ಕಾಫಿ ತೋಟಕ್ಕೆ ಸಾಲ ತೀರಿಸೋಕೆ ಹೋಗ್ತಾರೆ. ಒಬ್ಬ ಜ್ವರ ಹತ್ತಿ ಸಾಯ್ತಾನೆ. ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನ ಕಟ್ಟಿಕೊಂಡು ದೂರ ಆಗ್ತಾನೆ. ಮತ್ತೊಬ್ಬ ನೀರಲ್ಲಿ ಮುಳುಗುವಾಗ ದಡದಲ್ಲಿ ನಿಂತವರು ಮುಟ್ಟಬಾರದು ಅಂತ ಸುಮ್ಮನೆ ನಿಂತಿರ್ತಾರೆ. ಮಗಳು ಬೆಳ್ಳಿಯ ಮೈ ಮೇಲೇ ಸಾಲದ ಲೆಕ್ಕ ತೀರುತ್ತೆ. ಕಡೆಗೆ ಚೋಮ ಬಾಗಿಲು ಹಾಕ್ಕೊಂಡು ದುಡಿ ಬಾರಿಸ್ತಾ ಬಾರಿಸ್ತಾ ಪ್ರಾಣ ಬಿಡ್ತಾನೆ.

ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ. ಒಬ್ಬನಿಗೆ ಭೂಮಿ ಇದೆ, ಬೇಡ. ಇನ್ನೊಬ್ಬನಿಗೆ ಬೇಕು, ಇಲ್ಲ. ಭೂಮಿ ಇದ್ದವನ ಕಥೆ ಹಾಸ್ಯ ಆಯ್ತು, ಇಲ್ಲದವನ ಕಥೆ ದುರಂತ ಆಯ್ತು. ಇಬ್ಬರೂ ಕುಡಿದರು. ಒಬ್ಬನ ಬ್ರಾಂದಿ ತತ್ವಜ್ಞಾನ ಆಯ್ತು, ಇನ್ನೊಬ್ಬನ ಹೆಂಡ ಅವನ ಗೋಳಿನ ಭಾಗ ಆಯ್ತು. ಎರಡೂ ದೊಡ್ಡ ಕೃತಿಗಳೇ. ಆದರೆ ನಗೋ ಹಕ್ಕು, ಬೇಜವಾಬ್ದಾರಿಯಿಂದ ಇರೋ ಹಕ್ಕು, ಅಷ್ಟಾದರೂ ಪ್ರೀತಿ ಗಿಟ್ಟಿಸಿಕೊಳ್ಳೋ ಹಕ್ಕು ಯಾವ ಅಪ್ಪನಿಗೆ ಸಿಕ್ತು ಅನ್ನೋದನ್ನ ಗಮನಿಸಿ. ಚೋಮ ಒಂದು ದಿನವಾದರೂ ಸುಮ್ಮನೆ ಹುಲಿ-ಕುರಿ ಆಟ ಆಡ್ಕೊಂಡು ಕೂತಿದ್ದರೆ ನಮ್ಮ ಸಾಹಿತ್ಯ ಅವನನ್ನ ಸಹಿಸ್ಕೊಳ್ತಿತ್ತಾ? ನನಗೆ ಅನುಮಾನ.

ಇನ್ನೊಂದು ವಿಷಯ. ನೂರು ದಾಟಿದ ಮುದುಕ ಸತ್ತರೆ ನಮ್ಮ ಕಡೆ ಅದು ಹಬ್ಬದ ಸಾವು. ಇಂಥ ಸಾವಿಗೆ ತಮಟೆ ಬಡಿಯೋರು ಯಾರು? ಗುಂಡಿ ತೋಡೋರು ಯಾರು? ಊರೂರಿಗೆ ಸುದ್ದಿ ಮುಟ್ಟಿಸ್ತಿದ್ದೋರು ಯಾರು? ನಮ್ಮ ಅಪ್ಪಂದಿರು, ತಾತಂದಿರು. 'ತಿಥಿ'ಯ ಕ್ಯಾಮೆರಾ ಗೌಡರ ಮನೆಯಿಂದ ಹೊರಟು ಕುರಿಗಾಹಿಗಳ ಬಿಡಾರದವರೆಗೂ ಹೋಗುತ್ತೆ. ಅದು ದೊಡ್ಡ ವಿಷಯ, ಅಲೆಮಾರಿಗಳನ್ನ ಅಷ್ಟು ಸಹಜವಾಗಿ ತೋರಿಸಿದ ಸಿನಿಮಾಗಳು ಕಮ್ಮಿ. ಆದರೆ ಕೇರಿಯ ಅಪ್ಪನೊಬ್ಬನ ಮನೆಯೊಳಗೆ ಅದು ಕೂರಲ್ಲ. ಅದನ್ನ ತಪ್ಪು ಅಂತ ನಾನು ಹೇಳ್ತಿಲ್ಲ. ಒಂದು ಸಿನಿಮಾ ಎಲ್ಲಾ ಮನೆ ಬಾಗಿಲನ್ನೂ ತಟ್ಟಬೇಕಾಗಿಲ್ಲ. ನಮ್ಮ ಬಾಗಿಲನ್ನ ನಾವೇ ತೆಗೀಬೇಕು.

ಬೇರೆ ಭಾಷೆಯವರು ತೆಗೆದಿದ್ದಾರೆ. ಮರಾಠಿಯ ನಾಗರಾಜ್ ಮಂಜುಳೆ 2013ರಲ್ಲಿ 'ಫಂಡ್ರಿ' ಮಾಡಿದರು. ಅದರಲ್ಲಿ ಕಚ್ರು ಅನ್ನೋ ಅಪ್ಪ. ಊರವರ ಮುಂದೆ ಬಗ್ಗಿ ಬಗ್ಗಿ ಬೆನ್ನೇ ಇಲ್ಲದ ಮನುಷ್ಯ. ಅದೇ ಮನುಷ್ಯ ಮಗ ಜಬ್ಯಾನನ್ನ ಅವನ ಶಾಲೆಯ ಹುಡುಗ ಹುಡುಗಿಯರ ಮುಂದೇನೇ ಹಂದಿ ಹಿಡಿಯೋಕೆ ಎಳೀತಾನೆ. ಹಂದಿ ಇನ್ನೇನು ಸಿಗಬೇಕು, ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತೆ. ಅಪ್ಪ, ಮಕ್ಕಳು ಎಲ್ಲ ನಿಂತಲ್ಲೇ ನೆಟ್ಟಗೆ ನಿಲ್ತಾರೆ, ಹಂದಿ ಆರಾಮಾಗಿ ನಡ್ಕೊಂಡು ಹೋಗುತ್ತೆ. ನಗು ಬರುತ್ತೆ, ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ. ತಮಿಳಿನ ಮಾರಿ ಸೆಲ್ವರಾಜ್ 2018ರಲ್ಲಿ 'ಪರಿಯೇರುಂ ಪೆರುಮಾಳ್' ಮಾಡಿದರು. ಅದರಲ್ಲಿ ಅಪ್ಪ ಹೆಣ್ಣು ವೇಷ ಹಾಕಿ ಕುಣಿಯೋ ಜನಪದ ಕಲಾವಿದ. ಕಾಲೇಜಿನಲ್ಲಿ ಅಪ್ಪನನ್ನ ಕರ್ಕೊಂಡು ಬಾ ಅಂದರೆ ಮಗ ಯಾರೋ ಒಬ್ಬನನ್ನ ಅಪ್ಪ ಅಂತ ತಂದು ನಿಲ್ಲಿಸ್ತಾನೆ. ಅದೂ ತಮಾಷೆಯ ದೃಶ್ಯವೇ. ನಿಜವಾದ ಅಪ್ಪ ಬಂದಾಗ ಅವನಿಗೆ ಆಗೋ ಅವಮಾನ ನೋಡಿದ ಮೇಲೆ ಆ ಹಳೇ ನಗು ನಮ್ಮನ್ನೇ ಕುಟುಕುತ್ತೆ.

ಈ ಇಬ್ಬರು ನಿರ್ದೇಶಕರೂ ಅಪ್ಪನನ್ನ ದೇವರು ಮಾಡಲಿಲ್ಲ, ಕಸಾನೂ ಮಾಡಲಿಲ್ಲ. ನಾಚಿಕೆ, ಸಿಟ್ಟು, ಪ್ರೀತಿ ಮೂರನ್ನೂ ಒಂದೇ ಮನೇಲಿಟ್ಟರು. ನಮ್ಮ ಕನ್ನಡದಲ್ಲಿ ಇಂಥದ್ದು ಬರಹದಲ್ಲಿ ಆಗಿದೆ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವ ಕಳೆದುಹೋದ ಹುಂಜ ಹುಡುಕ್ತಾ ಇಡೀ ಕೇರಿಯನ್ನೇ ಅಲ್ಲಾಡಿಸ್ತಾಳೆ. ಮನೆ ತುಂಬ ಜಗಳ, ಮನೆ ತುಂಬ ಕದ್ದ ಕಡ್ಲೆಕಾಯಿಯ ಪರಿಮಳ. ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ಹಸಿವಿನ ಕಥೆಯನ್ನೂ ನಗಿಸ್ತಾ ಹೇಳಿದರು. ಆದರೆ ತೆರೆ ಮೇಲೆ? ಕೇರಿಯ ಅಪ್ಪ ಬಂದರೆ ಒಂದೋ ಧಣಿಯ ಕಾಲಿಗೆ ಬೀಳೋಕೆ ಬರಬೇಕು, ಇಲ್ಲ ಸಾಯೋಕೆ ಬರಬೇಕು.

ನನ್ನ ಅಪ್ಪನ ವಿಷಯ ಹೇಳ್ತೀನಿ. ಅಪ್ಪನಿಗೆ ದರಖಾಸ್ತಿನಲ್ಲಿ ಮಂಜೂರಾದ ಒಂದು ಎಕರೆ ಮೂವತ್ತು ಗುಂಟೆ ಇತ್ತು. ಪಕ್ಕದ ಜಮೀನಿನವರಿಗೆ ಅದರ ಮೇಲೆ ಕಣ್ಣು. ಬರೆದುಕೊಡು ಅಂತ ಕಾಗದ ತಗೊಂಡು ಬರೋರು, ಜೊತೆಗೆ ಒಂದು ಬಾಟಲಿ. ಅಪ್ಪ ಬಾಟಲಿ ಪೂರ್ತಿ ಖಾಲಿ ಮಾಡಿ, 'ಅಯ್ಯೋ ಸ್ವಾಮಿ, ಕತ್ತಲಾಯ್ತು, ಕಣ್ಣೇ ಕಾಣ್ಸಲ್ಲ, ನಾಳೆ ಬನ್ನಿ' ಅನ್ನೋನು. ನಾಳೆ ಬಂದರೆ ಕಿವುಡ ಆಗಿರೋನು. ಜೋರಾಗಿ ಕೂಗಿದರೆ, 'ಹೂಂ, ಮಳೆ ಚೆನ್ನಾಗಾಯ್ತು' ಅನ್ನೋನು. ವರ್ಷಗಟ್ಟಲೆ ನಡೀತು ಈ ನಾಟಕ. ಕೇರಿ ಪೂರ್ತಿ ನಗೋದು. ಸಹಿ ಮಾತ್ರ ಬೀಳಲಿಲ್ಲ.

ಗಡ್ಡಪ್ಪನೂ ಕಾಗದದ ಕಡೆ ತಿರುಗಿ ನೋಡಲಿಲ್ಲ, ನಮ್ಮಪ್ಪನೂ ನೋಡಲಿಲ್ಲ. ಗಡ್ಡಪ್ಪನಿಗೆ ಭೂಮಿ ಬೇಕಿರಲಿಲ್ಲ. ನಮ್ಮಪ್ಪನಿಗೆ ಅದು ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಹೊರಗಿನಿಂದ ನೋಡೋನಿಗೆ ಇಬ್ಬರೂ ಒಂದೇ ಥರ, ಕುಡಿದು ಕೂತ ಹಠಮಾರಿ ಮುದುಕರು.

ಇಲ್ಲಿಗೆ ನಿಲ್ಲಿಸಿದರೆ ನಮ್ಮಪ್ಪ ಹೀರೋ ಆಗಿಬಿಡ್ತಾನೆ. ನಿಲ್ಲಿಸಲ್ಲ. ಆ ಬಾಟಲಿಗಳು ಅಭ್ಯಾಸ ಆದವು. ಕೊಡೋರು ಬರದ ದಿನ ಅವ್ವನ ನಾಟಿ ಕೂಲಿಯಲ್ಲಿ ಬಂದವು. ಕಾಗದದ ಪೆಟ್ಟಿಗೆ ಜಾಗ ಬದಲಾದರೆ ಅವ್ವನಿಗೆ ಏಟು ಬೀಳೋದು. ಅಕ್ಕನ ಓದು ಏಳನೇ ಕ್ಲಾಸಿಗೆ ನಿಂತಿತು. ಭೂಮಿ ಉಳಿಸಿದವನು ಅಪ್ಪ ಅಂತ ಕೇರಿ ಹೇಳುತ್ತೆ. ಅದರ ಕಂದಾಯ ಕಟ್ಟಿದ್ದು ಅವ್ವ ಅಂತ ನಾನು ಹೇಳ್ತೀನಿ.

ಈ ಜಾಗದಲ್ಲಿ 'ತಿಥಿ' ಮತ್ತೆ ನೆನಪಾಗುತ್ತೆ. ಗಡ್ಡಪ್ಪ ಬೆಂಕಿ ಪಕ್ಕ ಕೂತು ಕುರಿಗಾಹಿಗಳಿಗೆ ತನ್ನ ಕಥೆ ಹೇಳ್ತಾನಲ್ಲ, ಇಡೀ ಸಿನಿಮಾದ ಜೀವ ಅಲ್ಲಿದೆ. ತನ್ನ ಅಪ್ಪನಿಗೂ ತನ್ನ ಹೆಂಡತಿಗೂ ನಡುವೆ ನಡೆದದ್ದನ್ನ ಅವನು ಯಾರದೋ ಕಥೆಯ ಹಾಗೆ ಹೇಳ್ತಾನೆ. ಅವನು ಅಪ್ಪನ ಸಾವಿಗೆ ಯಾಕೆ ಅಳಲಿಲ್ಲ, ಅಪ್ಪನ ಭೂಮಿ ಯಾಕೆ ಮುಟ್ಟಲ್ಲ ಅನ್ನೋದು ಆವಾಗ ಗೊತ್ತಾಗುತ್ತೆ. ಅಲ್ಲಿವರೆಗೂ ನಾವು ವೈರಾಗ್ಯ ಅಂದ್ಕೊಂಡಿದ್ದು ಗಾಯ. ಅವಧೂತ ಅಂತ ಬರೆಯೋರು ಈ ದೃಶ್ಯ ನೋಡಿಲ್ವಾ ಅಂತ ನನಗೆ ಆಶ್ಚರ್ಯ. ಸಿನಿಮಾದವರಿಗೆ ಗೊತ್ತಿದೆ ಅವನು ಸಂತ ಅಲ್ಲ ಅಂತ. ಸಂತ ಮಾಡಿದ್ದು ನೋಡಿದ ನಾವು.

ಮತ್ತೆ ಆ ಹೆಂಗಸು? ನಮಗೆ ಅವಳ ಮುಖ ಕಾಣಲ್ಲ, ಅವಳ ಮಾತು ಕೇಳಲ್ಲ. ಮಾವ, ಗಂಡ ಇಬ್ಬರ ಕಥೆಯೂ ಅವಳ ಮೇಲೆ ನಿಂತಿದೆ, ಅವಳು ಮಾತ್ರ ಇಲ್ಲ. ಬೆಳ್ಳಿಯ ಕಥೆಯೂ ಅದೇ. ನಮ್ಮವ್ವನ ಕಥೆಯೂ ಅದೇ. ಕಷ್ಟದ ಅಪ್ಪನ ಕಥೆ ಯಾವ ಜಾತಿಯಲ್ಲಿ ನಡೆದರೂ ಅದರ ಬಿಲ್ಲು ಒಂದೇ ವಿಳಾಸಕ್ಕೆ ಹೋಗುತ್ತೆ. ಇದನ್ನ ನಮ್ಮ ವೇದಿಕೆಗಳಲ್ಲೂ ಜೋರಾಗಿ ಹೇಳಬೇಕು.

ಈಗ ನಮ್ಮ ಸಂಘಟನೆಯ ಗೆಳೆಯರಿಗೆ ನೇರವಾಗಿ ಒಂದು ಮಾತು. ನಮ್ಮ ಭಾಷಣಗಳಲ್ಲಿ ಅಪ್ಪ ಬಂದರೆ ಫೋಟೋ ಆಗಿ ಬರ್ತಾನೆ. ಹಾರ ಹಾಕಿದ ಫೋಟೋ. ಬೆವರು ಸುರಿಸಿದ, ಹರಿದ ಅಂಗಿ ತೊಟ್ಟ, ನಮ್ಮನ್ನ ಓದಿಸಿದ. ಎಲ್ಲಾ ನಿಜ. ಆದರೆ ಅಷ್ಟು ಮಾತ್ರ ನಿಜ ಅಲ್ಲ. ಯಾಕೆ ಹಂಗೆ ಮಾಡ್ತೀವಿ ಅನ್ನೋದೂ ಗೊತ್ತು. ನಮ್ಮಪ್ಪ ಕುಡೀತಿದ್ದ, ಅವ್ವನಿಗೆ ಹೊಡೀತಿದ್ದ ಅಂದ ತಕ್ಷಣ 'ನೋಡಿ, ಇವರು ಹಿಂಗೇ' ಅನ್ನೋಕೆ ಊರು ಕಾಯ್ತಾ ಇರುತ್ತೆ. ಬೇರೆಯವರ ಮನೆಯಲ್ಲಿ ಒಬ್ಬ ಅಪ್ಪ ಕೆಟ್ಟರೆ ಅವನೊಬ್ಬ ಕೆಟ್ಟ, ನಮ್ಮ ಮನೆಯಲ್ಲಿ ಕೆಟ್ಟರೆ ಇಡೀ ಜಾತಿಗೆ ಷರಾ ಬೀಳುತ್ತೆ. ಅದಕ್ಕೇ ಬಾಯಿ ಮುಚ್ಕೊಂಡು ಹಾರ ಹಾಕ್ತೀವಿ.

ಬಾಬಾಸಾಹೇಬರು ಹಂಗೆ ಮಾಡಲಿಲ್ಲ. 'ಬುದ್ಧ ಮತ್ತು ಅವನ ಧಮ್ಮ'ಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ತಂದೆ ರಾಮ್‌ಜಿ ಜೊತೆ ಮಾಡಿದ ವಾದವನ್ನೇ ಬರೆದಿಟ್ಟಿದ್ದಾರೆ. ತಂದೆ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಕಬೀರಪಂಥಿ, ಮಹಾ ಶಿಸ್ತಿನ ಮನುಷ್ಯ. ಮಕ್ಕಳಿಗೆ ರಾಮಾಯಣ, ಮಹಾಭಾರತ ಓದಿಸೋರು. ಬ್ರಾಹ್ಮಣ ಕ್ಷತ್ರಿಯರನ್ನ ಹೊಗಳಿ ನಮ್ಮನ್ನ ಕೀಳು ಮಾಡೋದನ್ನ ನಾವ್ಯಾಕೆ ಓದಬೇಕು ಅಂತ ಮಗ ಎದುರು ನಿಂತು ಕೇಳಿದ. ಅಪ್ಪ ಕೊಟ್ಟ ಉತ್ತರ ಮಗನಿಗೆ ಸಮಾಧಾನ ತರಲಿಲ್ಲ. ಆದರೆ ಮಗನ ಪುಸ್ತಕಕ್ಕೋಸ್ಕರ ಹೆಣ್ಣುಮಕ್ಕಳ ಒಡವೆ ಅಡ ಇಡಿಸಿ ದುಡ್ಡು ತಂದವರೂ ಅದೇ ಅಪ್ಪ. ಎರಡೂ ಒಂದೇ ಮನುಷ್ಯನ ಕಥೆ. ಮಹಾಪುರುಷನ ತಂದೆ ಅಂತ ಒಂದನ್ನ ಅಳಿಸಿದರೆ ಇನ್ನೊಂದಕ್ಕೂ ತೂಕ ಇರಲ್ಲ. ಮತ್ತೆ ಇಲ್ಲೂ ಒಡವೆ ಬಿಚ್ಚಿಕೊಟ್ಟ ಅಕ್ಕಂದಿರನ್ನ ಮರೀಬೇಡಿ.

ಹಾಗಾಗಿ ನಾನು ಕೇಳೋದು ಎರಡು. ಒಂದು, ಸಿನಿಮಾ ಮಾಡೋ, ಕಥೆ ಬರೆಯೋ ನಮ್ಮ ಹುಡುಗ ಹುಡುಗಿಯರು ನಿಮ್ಮ ಅಪ್ಪನನ್ನ ಬರೀರಿ. ನಗಿಸೋ ಅಪ್ಪ, ಸುಳ್ಳು ಹೇಳೋ ಅಪ್ಪ, ಸಂಘದ ಮೀಟಿಂಗಿನಲ್ಲಿ ಹುಲಿ ಮನೇಲಿ ಹೆಬ್ಬುಲಿ ಆಗೋ ಅಪ್ಪ. ಊರು ಏನಂದುಕೊಳ್ಳುತ್ತೋ ಅಂತ ನೋಡಬೇಡಿ. ಊರು ಗಡ್ಡಪ್ಪನನ್ನ ಪ್ರೀತಿಸೋಕೆ ಕಲಿತಿದೆ, ನಮ್ಮಪ್ಪನನ್ನೂ ಕಲೀಲಿ.

ಎರಡು, ಇದು ಗುಮಾಸ್ತನ ಮಾತು. ಮನೆಗೆ ಹೋಗಿ ಪೆಟ್ಟಿಗೆ ತೆಗೀರಿ. ತಾತನ ಹೆಸರಿನಲ್ಲಿ ಮಂಜೂರಾದ ಭೂಮಿ ತಾತ ಸತ್ತು ಮೂವತ್ತು ನಲವತ್ತು ವರ್ಷ ಆದರೂ ತಾತನ ಹೆಸರಲ್ಲೇ ಇರೋ ಮನೆಗಳು ನಮ್ಮ ಕೇರಿಗಳಲ್ಲಿ ತುಂಬಾ ಇವೆ. ಸಾವನ್ನ 21 ದಿನದೊಳಗೆ ನೋಂದಾಯಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತೆ, ಆದರೂ ದಾರಿ ಇದೆ, ಬಿಡಬೇಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ, 2005ರ ತಿದ್ದುಪಡಿಯ ಮೇಲೆ ಮಗಳಿಗೂ ಸಮಪಾಲು ಅನ್ನೋದರಲ್ಲಿ ಅನುಮಾನವೇ ಇಲ್ಲ. ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಯಾರಾದರೂ ಬರೆಸಿಕೊಂಡಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ವಾರಸುದಾರರು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. 2017ರಲ್ಲಿ ಸುಪ್ರೀಂ ಕೋರ್ಟು ತುಂಬಾ ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದಮೇಲೆ ಎಷ್ಟೋ ಕೇಸುಗಳು ಬಿದ್ದುಹೋದವು. ಧರಣಿ ಕೂತು, ಹೋರಾಡಿ, 2023ರಲ್ಲಿ ಆ ಕಾಲಮಿತಿ ತೆಗೆಯೋ ತಿದ್ದುಪಡಿ ತಂದಿದ್ದೀವಿ. ಅದು ಕಾಗದದ ಮೇಲೆ ಮಲಗಬಾರದು.

ಅಪ್ಪ ಹೋದ ಮೇಲೆ ನಮ್ಮ ಒಂದು ಎಕರೆ ಮೂವತ್ತು ಗುಂಟೆಯ ಪೌತಿ ಖಾತೆ ಅವ್ವನ ಹೆಸರಿಗೆ ಮೊದಲು, ಆಮೇಲೆ ನಮ್ಮೆಲ್ಲರ ಹೆಸರಿಗೆ ಜಂಟಿಯಾಗಿ ಆಯ್ತು, ಅಕ್ಕನ ಹೆಸರೂ ಸೇರಿ. ಹೊಸ ಪಹಣಿ ತಂದು ಕೊಟ್ಟ ದಿನ ಅಕ್ಷರ ಬಾರದ ಅವ್ವ ಅದನ್ನ ತಿರುಗಿಸಿ ಮುರುಗಿಸಿ ನೋಡಿ, 'ಇದರಲ್ಲಿ ನಾನೆಲ್ಲಿದ್ದೀನಿ ತೋರ್ಸು' ಅಂದಳು. ತೋರಿಸಿದೆ. ಅವಳು ಆ ಜಾಗದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಂಗೇ ಕೂತಿದ್ದಳು.

ಜೈಭೀಮ್.